ಬಾಡಿಗೆ ಮನೆಗಳ ದುರಸ್ತಿ: ಮಾಲೀಕರ ಹಾಗೂ ಬಾಡಿಗೆದಾರರ ಹೊಣೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳಲ್ಲಿ ವಾಸದ ಮನೆಗಳನ್ನು ಬಾಡಿಗೆಗೆ ಕೊಡುವ ಮತ್ತು ಪಡೆಯುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ದುರಸ್ತಿಯೆಲ್ಲವೂ ಮಾಲೀಕರದೇ ಹೊಣೆಯೆಂದು ಬಾಡಿಗೆದಾರರೂ, ವಾಸವಿರುವವರೇ ಎಲ್ಲವನ್ನೂ ನೋಡಿಕೊಳ್ಳಬೇಕೆಂದು ಮಾಲೀಕರೂ ಭಾವಿಸಿರುವುದುಂಟು. ಕಾನೂನು ಇವೆರಡನ್ನೂ ಹೇಳುವುದಿಲ್ಲ.

ಅನ್ವಯವಾಗುವ ಕಾನೂನು

ಕರ್ನಾಟಕ ಬಾಡಿಗೆ ಅಧಿನಿಯಮ, 1999 ದಿನಾಂಕ 31-12-2001ರಿಂದ ಜಾರಿಗೆ ಬಂದಿರುತ್ತದೆ. ಇದು ಅನುಸೂಚಿತ ಪ್ರದೇಶಗಳಿಗೆ ಮಾತ್ರ ಅನ್ವಯಿಸುವುದಲ್ಲದೆ, ಮಾಸಿಕ ಬಾಡಿಗೆಯು ಪ್ರದೇಶಾನುಸಾರ ರೂ. 3,500 ಅಥವಾ ರೂ. 2,000 ಮೀರಿದ ಮನೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಇಂದಿನ ಬಾಡಿಗೆ ದರಗಳಲ್ಲಿ ಬಹುತೇಕ ಮನೆಗಳಿಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 108ನೇ ಪ್ರಕರಣವೇ ಆಧಾರವಾಗಿರುತ್ತದೆ.

ಈ ಪ್ರಕರಣವು ಕರಾರು ಅಥವಾ ಸ್ಥಳೀಯ ರೂಢಿ ಬೇರೆ ರೀತಿಯಲ್ಲಿ ಇಲ್ಲದಿದ್ದಾಗ ಮಾತ್ರ ಅನ್ವಯಿಸತಕ್ಕದ್ದು. ಇದರ ಮೇರೆಗೆ ಬಾಡಿಗೆದಾರರು ಮನೆಯನ್ನು ವಶಕ್ಕೆ ಪಡೆದ ಸ್ಥಿತಿಯಲ್ಲಿಯೇ ಇಟ್ಟುಕೊಂಡು ಹಿಂದಿರುಗಿಸಬೇಕು. ಸಹಜ ಬಳಕೆಯ ಸವೆತ ಹಾಗೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೆ ಅವರು ಹೊಣೆಗಾರರಲ್ಲ. ತಮ್ಮ ಕೃತ್ಯ ಅಥವಾ ಲೋಪದಿಂದಾದ ದೋಷವನ್ನು ಮಾಲೀಕರ ಸೂಚನೆ ತಲುಪಿದ 3 ತಿಂಗಳೊಳಗೆ ಸರಿಪಡಿಸಬೇಕು. ಸಕಾಲದಲ್ಲಿ ಒಳಬಂದು ಪರಿಶೀಲಿಸಲು ಮಾಲೀಕರಿಗೆ ಅವಕಾಶ ನೀಡಬೇಕು.

ಮಾಲೀಕರು ಮಾಡಲು ಬದ್ಧರಾಗಿರುವ ದುರಸ್ತಿಯನ್ನು ಸೂಚನೆ ನೀಡಿದ ನಂತರವೂ ಸಮಂಜಸ ಅವಧಿಯಲ್ಲಿ ಮಾಡದಿದ್ದಲ್ಲಿ, ಬಾಡಿಗೆದಾರರೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಡಿತಗೊಳಿಸಬಹುದು. ಇಲ್ಲಿ ‘ಬದ್ಧರಾಗಿರುವ’ ಎಂಬ ಪದವೇ ಮುಖ್ಯ. ಯಾವ ದುರಸ್ತಿ ಯಾರದೆಂದು ಈ ಅಧಿನಿಯಮ ಪಟ್ಟಿ ಮಾಡಿಲ್ಲ. ಕರಾರಿನಲ್ಲಿ ಬರೆಯದ ಕೆಲಸಕ್ಕೆ ಹಣ ಹಾಕಿ ಬಾಡಿಗೆ ಹಿಡಿದುಕೊಂಡ ಬಾಡಿಗೆದಾರರು ಬಾಕಿದಾರರೆಂದು ಪರಿಗಣಿತರಾಗುವ ಸಂಭವವಿದೆ.

ಕರಾರಿನಲ್ಲಿ ಬರೆಯಬೇಕಾದುದು

ಕೇಂದ್ರ ಸಚಿವ ಸಂಪುಟವು 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಅಧಿನಿಯಮದಲ್ಲಿ ಇಂತಹ ಪಟ್ಟಿಯೊಂದಿದೆ. ರಾಜ್ಯ ಶಾಸನದ ಮೂಲಕ ಅಳವಡಿಸಿಕೊಳ್ಳದ ಹೊರತು ಅದು ಬಂಧಕವಲ್ಲವಾದರೂ ಕರಾರು ಬರೆಯುವವರಿಗೆ ಉಪಯುಕ್ತ. ಅದರಂತೆ ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗಳ ಬಣ್ಣ, ಅಗತ್ಯವಿದ್ದಾಗ ನೀರಿನ ಪೈಪು ಹಾಗೂ ವಿದ್ಯುತ್ ವೈರಿಂಗ್ ಬದಲಾವಣೆ ಮಾಲೀಕರ ಪಾಲಿಗೆ. ನಲ್ಲಿ ಮತ್ತು ಅದರ ವಾಷರ್, ಚರಂಡಿ ಸ್ವಚ್ಛತೆ, ಶೌಚದ ಕಮೋಡ್, ಗೀಸರ್, ಸ್ವಿಚ್, ಬೀಗ, ಕಿಟಕಿ ಗಾಜು ಇತ್ಯಾದಿ ಬಾಡಿಗೆದಾರರ ಪಾಲಿಗೆ.

ಈ ಭಾಗಕ್ಕೆ ಇಷ್ಟೇ ಸಾಲದು. ಹೆಂಚಿನ ಅಥವಾ ತಗಡಿನ ಛಾವಣಿಯನ್ನು ಮಳೆಗಾಲಕ್ಕೆ ಮೊದಲು ಯಾರು ಸರಿಪಡಿಸಬೇಕು, ಮಾಳಿಗೆ ಮನೆಯ ಮೇಲಿನ ಮಣ್ಣನ್ನು ಯಾರು ಹಾಕಿಸಬೇಕು, ಕಪ್ಪು ಮಣ್ಣಿನ ನೆಲ ಬಿರಿದು ಗೋಡೆ ಸೀಳಿದಲ್ಲಿ ಯಾರ ಹೊಣೆ, ಕೊಳವೆಬಾವಿಯ ಪಂಪು ಸುಟ್ಟಲ್ಲಿ ವೆಚ್ಚ ಯಾರದು ಎಂಬುದನ್ನು ಪ್ರತ್ಯೇಕವಾಗಿ ನಮೂದಿಸುವುದು ಒಳಿತು. ಮುಂಗಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಭೋಗ್ಯಕ್ಕೆ ಪಡೆದ ಮನೆಗಳಲ್ಲಿ ಕಡಿತಕ್ಕೆ ಬಾಡಿಗೆಯೇ ಇರುವುದಿಲ್ಲ. ಆದ್ದರಿಂದ ದುರಸ್ತಿ ವೆಚ್ಚವನ್ನು ಮುಂಗಡದೊಂದಿಗೆ ಹಿಂದಿರುಗಿಸುವ ಷರತ್ತನ್ನು ಬರೆಸಿಕೊಳ್ಳತಕ್ಕದ್ದು. ಒಂದು ವರ್ಷ ಮೀರಿದ ಅವಧಿಯ ಕರಾರು ನೋಂದಣಿಯಾಗುವುದು ಕಡ್ಡಾಯ.

ಪ್ರವಾಹದ ಸಂದರ್ಭ

ಕೃಷ್ಣಾ, ದೂಧಗಂಗಾ ಹಾಗೂ ವೇದಗಂಗಾ ನದಿಗಳ ದಂಡೆಯ ಗ್ರಾಮಗಳಿಗೆ ಈ ವಿಷಯ ಹೆಚ್ಚು ಮಹತ್ವದ್ದು. 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳಿನ ಪ್ರವಾಹಗಳಲ್ಲಿ ಈ ದಂಡೆಯ ಗ್ರಾಮಗಳಿಗೆ ನೀರು ನುಗ್ಗಿತ್ತು. ಪ್ರವಾಹ, ಬೆಂಕಿ ಅಥವಾ ಬಿರುಗಾಳಿಯಿಂದ ಮನೆಯ ಮುಖ್ಯ ಭಾಗವು ಸಂಪೂರ್ಣ ನಾಶವಾದಲ್ಲಿ ಅಥವಾ ವಾಸಕ್ಕೆ ಗಣನೀಯವಾಗಿ ಮತ್ತು ಶಾಶ್ವತವಾಗಿ ಅಯೋಗ್ಯವಾದಲ್ಲಿ, 108ನೇ ಪ್ರಕರಣದ ಖಂಡ (ಇ) ಅನ್ವಯ ಬಾಡಿಗೆದಾರರು ಬಯಸಿದರೆ ಬಾಡಿಗೆ ಸಂಬಂಧವನ್ನು ಕೊನೆಗೊಳಿಸಬಹುದು. ಹಾನಿಗೆ ಅವರೇ ಕಾರಣರಾಗಿರಬಾರದು. ಕೆಲದಿನ ನೀರು ನಿಂತು ಇಳಿದ ಮಾತ್ರಕ್ಕೆ ಈ ಖಂಡ ಅನ್ವಯಿಸದು. ಬಾಡಿಗೆಯೂ ತಾನಾಗಿ ನಿಲ್ಲದು. ಮನೆಯನ್ನು ಮರಳಿ ಕಟ್ಟಿಕೊಡಬೇಕೆಂದು ಮಾಲೀಕರನ್ನು ಈ ಖಂಡದಡಿ ಒತ್ತಾಯಿಸಲೂ ಬಾರದು. ನದಿದಂಡೆಯಲ್ಲಿ ಮನೆ ಪಡೆಯುವವರು, ಮನೆ ಖಾಲಿ ಮಾಡಬೇಕಾದ ದಿನಗಳ ಬಾಡಿಗೆ ಮತ್ತು ಕೆಸರು ತೆಗೆಸುವ ವೆಚ್ಚದ ಬಗ್ಗೆ ಮೊದಲೇ ಬರೆದುಕೊಳ್ಳುವುದು ಸೂಕ್ತ.

ಕಟ್ಟಡದ ಹಾನಿ ಮತ್ತು ಗೃಹೋಪಯೋಗಿ ವಸ್ತುಗಳ ಹಾನಿ ಬೇರೆ ಬೇರೆ. ಸಮೀಕ್ಷೆಗೆ ಗ್ರಾಮ ಆಡಳಿತ ಅಧಿಕಾರಿ ಬಂದಾಗ ಬಾಡಿಗೆದಾರರು ಕರಾರು ಪತ್ರ ಹಾಗೂ ಪಡಿತರ ಚೀಟಿ ತೋರಿಸಿ ತಮ್ಮ ಕುಟುಂಬದ ವಸ್ತುಹಾನಿಯನ್ನು ಪ್ರತ್ಯೇಕವಾಗಿ ದಾಖಲಿಸಲು ಕೋರಬೇಕು.

ಸೂಚನೆ ಮತ್ತು ದಾಖಲೆ

ದುರಸ್ತಿಯ ಕೋರಿಕೆ ಬಾಯಿಮಾತಿನಲ್ಲಿದ್ದರೆ ಸಾಬೀತುಪಡಿಸುವುದು ಕಷ್ಟ. ದೋಷವೇನು, ಯಾವ ದಿನ ಕಂಡುಬಂತು, ಎಷ್ಟು ದಿನಗಳೊಳಗೆ ಸರಿಪಡಿಸಬೇಕು ಎಂಬುದನ್ನು ಬರೆದು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳತಕ್ಕದ್ದು. ಕೆಲಸಕ್ಕೆ ಮೊದಲಿನ ಹಾಗೂ ನಂತರದ ಛಾಯಾಚಿತ್ರ ಮತ್ತು ಗವಂಡಿಯ ಕೂಲಿ, ಸಾಮಗ್ರಿಯ ಬಿಲ್ಲುಗಳು ಅವಶ್ಯ. ಮನೆಗೆ ಪ್ರವೇಶಿಸುವ ದಿನವೇ ಉಭಯತರು ಸಹಿ ಮಾಡಿದ ಸ್ಥಿತಿಗತಿ ಪಟ್ಟಿ ಇದ್ದಲ್ಲಿ, ಬಿಡುವಾಗ ಮುಂಗಡದಲ್ಲಿ ಕಡಿತದ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ.

ವಿವಾದ ಉಂಟಾದಲ್ಲಿ ಹತ್ತಿರದ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು ಮತ್ತು ಪ್ರವಾಹ ಸಂತ್ರಸ್ತರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ದೂರವಾಣಿ ಸಂಖ್ಯೆ: 15100.