ಅಠಾರ ಕಚೇರಿಯ ಸ್ಥಾನಪಲ್ಲಟ

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಕೆಂಪು ಕಟ್ಟಡಕ್ಕೆ ಅಠಾರ ಕಚೇರಿಯೆಂಬ ಹೆಸರು ಬಂದುದು ಅದರಲ್ಲಿ ಹದಿನೆಂಟು ಇಲಾಖೆಗಳು ನೆಲಸಿದ್ದುದರಿಂದ ಎಂದು ಜನರು ಹೇಳುತ್ತಾರೆ. ಪ್ರವಾಸಿಗರ ಕೈಪಿಡಿಗಳಲ್ಲಿಯೂ ಹಾಗೆಯೇ ಬರೆದಿರುತ್ತದೆ. ಅಠಾರವೆಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟಾದುದರಿಂದ ಈ ವಿವರಣೆಯು ಶಬ್ದಾರ್ಥಕ್ಕೆ ವಿರುದ್ಧವಲ್ಲ. ಆದರೆ ಆ ಕಟ್ಟಡದ ಕೆಲಸವು 1864ರಲ್ಲಿ ಮೊದಲಾಗಿ 1868ರಲ್ಲಿ ಮುಗಿಯಿತು. ಮೈಸೂರು ಸಂಸ್ಥಾನದ ಆಡಳಿತವನ್ನು ಹದಿನೆಂಟು ವಿಭಾಗಗಳಾಗಿ ಏರ್ಪಡಿಸಿದ ಕೀರ್ತಿಯೋ ಚಿಕ್ಕದೇವರಾಜ ಒಡೆಯರದು (1673–1704). ಒಂದೂವರೆ ಶತಮಾನಕ್ಕೂ ಮೀರಿದ ಅಂತರವಿರುವಾಗ ಎರಡೆಡೆಯಲ್ಲಿಯೂ ಒಂದೇ ಸಂಖ್ಯೆಯು ಕಾಣುವುದನ್ನು ಕಾಕತಾಳೀಯವೆಂದು ಬಿಟ್ಟುಬಿಡುವುದು ಯುಕ್ತವಲ್ಲ. ಹೆಸರು ಕಟ್ಟಡದಲ್ಲಿ ಹುಟ್ಟಿದುದಲ್ಲ, ಕಚೇರಿಯ ಸಂಗಡ ಊರಿಂದೂರಿಗೆ ನಡೆದು ಬಂದುದು ಎಂಬುದೇ ಇಲ್ಲಿಯ ಪ್ರತಿಪಾದ್ಯವಾಗಿದೆ.

ಹದಿನೆಂಟು ವಿಭಾಗಗಳ ಪಟ್ಟಿಯನ್ನು ವಿಲ್ಕ್ಸ್ ಎಂಬ ಆಂಗ್ಲ ಇತಿಹಾಸಕಾರನು ತನ್ನ ದಕ್ಷಿಣ ಹಿಂದೂಸ್ಥಾನದ ಚರಿತ್ರೆಯಲ್ಲಿ ಕೊಟ್ಟಿದ್ದಾನೆ. ಅವುಗಳ ಹೆಸರುಗಳೇ ಸ್ವಾರಸ್ಯವಾಗಿವೆ. ಅರಸನ ಆಜ್ಞೆಗಳನ್ನು ಕಳುಹಿಸತಕ್ಕದ್ದು ನಿರೂಪದ ಚಾವಡಿ; ಲೆಕ್ಕಪತ್ರಗಳದು ಆಯಕಟ್ಟಿನ ಚಾವಡಿ; ತೆರಿಗೆಗೆ ಸುಂಕದ ಚಾವಡಿ; ದೇವಾಲಯಗಳಿಗೆ ದೇವಸ್ಥಾನದ ಚಾವಡಿ. ಸೀಮೆಯ ಕಂದಾಚಾರ, ಬಾಗಿಲ ಕಂದಾಚಾರಗಳೆಂಬ ಎರಡು ಸೈನ್ಯಕ್ಕೆ ಸಂಬಂಧಿಸಿದವು. ಅಂಚೆಯೂ ಗುಪ್ತವಾರ್ತೆಯೂ ಬೇಹಿನ ಚಾವಡಿಯ ಪಾಲಿಗೆ ಬಂದಿದ್ದುವು. ಕಬ್ಬಿಣಕ್ಕೊಂದು, ಹೊಗೆಸೊಪ್ಪಿಗೊಂದು ಚಾವಡಿಯಿದ್ದುದನ್ನು ನೋಡಿದರೆ ಚಿಕ್ಕದೇವರಾಜರ ಬೊಕ್ಕಸದ ಕಡೆಗಣ್ಣು ಎಷ್ಟು ದೂರ ಹರಿದಿತ್ತೆಂಬುದು ತಿಳಿಯುತ್ತದೆ. ಅರಮನೆಗೆ ಹಾಲುಬೆಣ್ಣೆಗಳನ್ನೊದಗಿಸಿ ದನಗಳ ತಳಿಯನ್ನೂ ಕಾಯುತ್ತಿದ್ದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರು ಪಡೆದು, ಆ ಹೆಸರಿನ ದನಗಳ ಮೂಲಕ ಇಂದಿಗೂ ಪ್ರಸಿದ್ಧವಾಗಿದೆ. ಚಾವಡಿಯ ನಿಜವಾದ ಹೆಸರು ಮರೆತುಹೋಗಿ ದನಗಳ ಹೆಸರು ಉಳಿದುದು ಒಂದು ವಿನೋದವೇ ಸರಿ.

ಔರಂಗಜೇಬನ ಆಸ್ಥಾನಕ್ಕೆ 1699–1700ರ ಸುಮಾರಿನಲ್ಲಿ ಹೋಗಿ ಬಂದ ರಾಯಭಾರಿಗಳು ತಂದ ವರ್ತಮಾನವನ್ನು ಕೇಳಿ, ಮೊಗಲರನ್ನನುಕರಿಸಿ ಈ ವಿಭಾಗವನ್ನು ಮಾಡಿದರೆಂದು ರೂಢಿಯಾದ ಅಭಿಪ್ರಾಯವಿದೆ. ಸಮಷ್ಟಿಗೆ ಹಿಂದೂಸ್ತಾನಿಯ ಹೆಸರಿರುವುದು ಇದಕ್ಕೆ ಅನುಕೂಲವಾಗಿದೆಯೆಂಬುದನ್ನು ಒಪ್ಪಬೇಕು. ಆದರೆ ಮೇಲ್ಕಂಡ ಚಾವಡಿಗಳ ಹೆಸರುಗಳು ಬಹುಮಟ್ಟಿಗೆ ನಮ್ಮ ನಾಡಿನವೇ. ಅವುಗಳ ಕಾರ್ಯವೂ ಮೈಸೂರು ಹೋಬಳಿ, ಪಟ್ಟಣ ಹೋಬಳಿಗಳೆಂಬ ಸ್ಥಳೀಯವಾದ ಭೇದವನ್ನನುಸರಿಸಿದೆ. ಇನ್ನು ಸಂಖ್ಯೆಯ ವಿಷಯ. ರಾಜ್ಯಾಂಗದಲ್ಲಿ ಅಷ್ಟಾದಶ ತೀರ್ಥಗಳೆಂಬ ಗಣನೆಯು ಮಹಾಭಾರತದ ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನಿಗೆ ಹಾಕುವ ಪ್ರಶ್ನೆಗಳಲ್ಲಿಯೇ ಬಂದಿದೆ. ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದವರನ್ನು ಕೌಟಿಲ್ಯನೂ ತೀರ್ಥಗಳೆಂದು ಎಣಿಸುತ್ತಾನೆ. (ಕೌಟಿಲ್ಯನ ಗ್ರಂಥವನ್ನು 1909ರಲ್ಲಿ ಮೊದಲು ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳೇ ಎಂಬುದನ್ನು ನೆನೆಯದಿರಲಾಗದು.) ಲೋಕವ್ಯವಹಾರದಲ್ಲಿಯೂ ಹದಿನೆಂಟು ಪಣ, ಹದಿನೆಂಟು ಜಾತಿ ಎಂದು ಸಮಗ್ರತೆಯನ್ನು ಸೂಚಿಸುವುದಕ್ಕೆ ಈ ಸಂಖ್ಯೆಯೇ ರೂಢಿಯಲ್ಲಿದೆ. ಆದುದರಿಂದ ಮೊಗಲರ ಪ್ರೇರಣೆಯಿದ್ದರೂ ಇರಬಹುದು, ಸಂಖ್ಯೆಗಾಗಿ ಡೆಲ್ಲಿಯವರೆಗೆ ಹೋಗಬೇಕಾದ ಅವಶ್ಯಕತೆಯಿರಲಿಲ್ಲವೆಂದು ನಾನು ಭಾವಿಸುತ್ತೇನೆ.

ಈಗ ಕಚೇರಿಯ ಸಂಚಾರವನ್ನು ನೋಡೋಣ. ಚಾವಡಿಗಳ ಮೊದಲ ನೆಲೆಯು ಆಗಿನ ರಾಜಧಾನಿಯಾದ ಶ್ರೀರಂಗಪಟ್ಟಣ. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ರಾಜಧಾನಿಯು ಮೈಸೂರಿಗೆ ಬಂದಿತು. 1831ರಲ್ಲಿ ಆಂಗ್ಲರು ಸಂಸ್ಥಾನದ ಆಡಳಿತವನ್ನು ತಾವೇ ವಹಿಸಿಕೊಂಡರು. ಕಮಿಷನರ ಪೀಠವು ಬೆಂಗಳೂರಾಯಿತು. ಅಲ್ಲಿ ಕಚೇರಿಗೆ ತಕ್ಕ ಮನೆಯೆಂದು ಅವರು ಆರಿಸಿಕೊಂಡುದು ಕೋಟೆಯೊಳಗಿನ ಟಿಪ್ಪುವಿನ ಅರಮನೆಯನ್ನು. ಹೈದರನು 1781ರಲ್ಲಿ ಪ್ರಾರಂಭಿಸಿ, ಮಗನು 1791ರಲ್ಲಿ ಮುಗಿಸಿದ ಈ ಎರಡಂತಸ್ತಿನ ಸೌಧವು ತೇಗದ ಕಂಬಗಳ ಮೇಲೆ ನಿಂತಿದೆ. ಸ್ವರ್ಗವೇ ಅಸೂಯೆಪಡುವಂಥದೆಂಬ ಅರ್ಥದ ಪಾರಸೀ ಬಿರುದು ಅದಕ್ಕುಂಟು. ಸುಖಕ್ಕಾಗಿ ಕಟ್ಟಿದ ಮನೆಯಲ್ಲಿ ಮೂವತ್ತೇಳು ವರ್ಷ ಕಂದಾಯದ ಕಡತಗಳು ಕುಳಿತವು! ಅಕ್ಷಪಟಲವು ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿದ್ದು, ಪುಸ್ತಕಗಳಿಗೆ ಪ್ರತ್ಯೇಕ ಸ್ಥಾನಗಳುಳ್ಳುದಾಗಿರಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ವಿಲಾಸಮಂದಿರದಲ್ಲಿ ಇಂಥ ಸೌಕರ್ಯವನ್ನು ಹುಡುಕುವುದು ವ್ಯರ್ಥ.

ಅರಮನೆಯ ಮಗ್ಗುಲಲ್ಲಿಯೇ ಕೋಟೆ ವೆಂಕಟರಮಣಸ್ವಾಮಿಯ ದೇವಸ್ಥಾನವಿದೆ. ಮೊಗಲರಿಗೆ ಮೂರು ಲಕ್ಷವನ್ನು ತೆತ್ತು ಬೆಂಗಳೂರನ್ನು ಪಡೆದ ಚಿಕ್ಕದೇವರಾಜರೇ 1689ರಲ್ಲಿ ಅದನ್ನು ಕಟ್ಟಿಸಿದರೆಂದು ಪ್ರಸಿದ್ಧಿ. ಹೀಗೆ ಅವರು ಶ್ರೀರಂಗಪಟ್ಟಣದಲ್ಲಿ ಏರ್ಪಡಿಸಿದ ಆಡಳಿತದ ವಾರಸು, ನಾಲ್ಕಾರು ತಲೆಮಾರುಗಳ ತರುವಾಯ, ಪರದೇಶೀಯರ ಕೈಕೆಳಗೆ, ಅವರದೇ ದೇವಸ್ಥಾನದ ನೆರಳಿಗೆ ಬಂದು ಸೇರಿತು. ಇದನ್ನು ಯಾರೂ ಯೋಚಿಸಿ ಮಾಡಿದಂತೆ ತೋರುವುದಿಲ್ಲ.

ಬೌರಿಂಗನು ಕಮಿಷನರಾಗಿದ್ದಾಗ (1862–1870) ಹೊಸ ಕಟ್ಟಡವಾಯಿತು. ಆಂಗ್ಲರ ಬರಹಗಳಲ್ಲಿ ಅದಕ್ಕೆ ಪಬ್ಲಿಕ್ ಆಫೀಸಸ್ ಎಂಬ ನೀರಸವಾದ ಹೆಸರು. ಜನರು ಅದನ್ನು ಲಕ್ಷಿಸದೆ ಅಠಾರ ಕಚೇರಿಯೆಂದೇ ಕರೆದರು. ಇದರಿಂದ ಹೆಸರು ಮೇಲಿನಿಂದ ಬಂದುದಲ್ಲವೆಂಬುದು ಸ್ಪಷ್ಟವಾಗಿದೆ. ಮಧ್ಯದ ಸಭಾಭವನದ ಚಾವಣಿಯಲ್ಲಿ ಕಬ್ಬನನ ಚಿತ್ರವಿದೆ. ಮುಂದೆ ನಿಂತಿದ್ದ ಅವನ ಅಶ್ವಾರೂಢ ಪ್ರತಿಮೆಯು 2020ರಲ್ಲಿ ಉದ್ಯಾನದೊಳಕ್ಕೆ ಹೋಯಿತು. ಕಚೇರಿಗಳು ಮಾತ್ರವೇ ಅಲ್ಲ, ಕಂಚಿನ ಕುದುರೆಗಳೂ ಸ್ಥಳ ಬದಲಾಯಿಸುತ್ತವೆ.

ಕಚೇರಿಯು ಹೊರಟುಹೋದ ಮೇಲೆ ಕಟ್ಟಡಕ್ಕೇನಾಗುವುದೆಂಬುದು ವಿಚಾರಾರ್ಹವಾದುದು. ಟಿಪ್ಪುವಿನ ಅರಮನೆಯು ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಸುತ್ತಣ ಕೋಟೆಯ ಗೋಡೆಗಳು ಬಹುಭಾಗ ಅಳಿದು ಡೆಲ್ಲಿ ಬಾಗಿಲಿನ ಕಡೆಯ ತುಣುಕು ಮಾತ್ರ ನಿಂತಿದೆ. ಕೆಂಪು ಕಟ್ಟಡದ ಅಧಿಕಾರವು 1956ರಲ್ಲಿ ಪೂರ್ಣವಾದ ಎದುರಿನ ವಿಧಾನಸೌಧಕ್ಕೆ ದಾಟಿತು. 1980ರ ದಶಕದಲ್ಲಿ ಹಳೆಯದನ್ನು ಕೆಡಹುವ ಪ್ರಸ್ತಾಪವೆದ್ದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು, ಕಟ್ಟಡವುಳಿಯಿತು. ಅಲ್ಲೀಗ ಉಚ್ಚ ನ್ಯಾಯಾಲಯವಿದೆ. ಗಮನಿಸತಕ್ಕ ಸಂಗತಿಯೆಂದರೆ, ಈ ಸಲ ಹೆಸರು ಕಚೇರಿಯ ಸಂಗಡ ಹೋಗಲಿಲ್ಲ. ವಿಧಾನಸೌಧವನ್ನು ಅಠಾರ ಕಚೇರಿಯೆಂದು ಯಾರೂ ಕರೆಯರು. ಊರುಗಳನ್ನು ಸುತ್ತಿ ಬಂದ ಹೆಸರು ಇಟ್ಟಿಗೆಗಂಟಿಕೊಂಡು ನಿಂತಿತು; ಅದು ಅಲ್ಲಿಯೇ ಹುಟ್ಟಿತೆಂಬ ಭ್ರಾಂತಿಗೂ ಇದೇ ಕಾರಣವಾಗಿರಬೇಕು.

1831ಕ್ಕೂ 1868ಕ್ಕೂ ನಡುವೆ ಈ ಹೆಸರನ್ನು ಬಳಸಿರುವ ನಿರೂಪ, ರಸೀತಿ, ಶಾನುಭೋಗರ ಕಡತ ಮುಂತಾದುವು ಹಳೆಯ ಮನೆತನಗಳಲ್ಲಿ ದೊರೆಯುವ ಸಂಭವವುಂಟು. ಅಂಥವುಗಳನ್ನುಳ್ಳ ಮಹನೀಯರು ಅವುಗಳ ಪ್ರತಿಗಳನ್ನು ಈ ಪತ್ರಿಕೆಗೆ ಕಳುಹಿಸಿಕೊಟ್ಟರೆ ಮೇಲಿನ ವಾದಕ್ಕೆ ಬಲವೋ ಬಾಧಕವೋ ದೊರೆತು ವಿಷಯವು ನಿಷ್ಕೃಷ್ಟವಾಗುವುದು.