ಅವರೆಕಾಯಿ ಸುಲಿಯುವ ಹೊತ್ತಿಗೆ: ಅಜ್ಜಿಯರ ನೆನಪು ಮತ್ತು ಮಗುವಿನ ಮೊದಲ ಹೆಜ್ಜೆಯ ಕಾಲನಿರ್ಣಯ

ಪೀಠಿಕೆ

ಮಗು ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ಹೊಸ್ತಿಲು ದಾಟಿದ್ದು, ಮೊದಲ ಮಾತಾಡಿದ್ದು ಯಾವಾಗ ಎಂದು ನಮ್ಮ ಮನೆಗಳಲ್ಲಿ ಯಾರೂ ಬರೆದಿಡುವುದಿಲ್ಲ. ಅದರ ದಫ್ತರ ಇರುವುದು ಅಜ್ಜಿಯ ಬಾಯಲ್ಲಿ. ಮೊಮ್ಮಗು ಹುಟ್ಟಿದಾಗ ಆ ದಫ್ತರ ಬಿಚ್ಚಿಕೊಳ್ಳುತ್ತದೆ. "ನಿನ್ನ ಗಂಡ ಒಂಬತ್ತು ತಿಂಗಳಿಗೇ ಮನೆಯೆಲ್ಲ ಓಡಾಡ್ತಿದ್ದ ಕಣಮ್ಮ" ಎಂಬ ಮಾತು, ಹನ್ನೊಂದು ತಿಂಗಳಾದರೂ ನಡೆಯದ ಮಗುವಿನ ತಾಯಿಯ ನಿದ್ದೆ ಕೆಡಿಸುತ್ತದೆ. "ಅವರಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು" ಎಂಬ ಮಾತು, ತಜ್ಞರ ಬಳಿ ಹೋಗಲೇಬೇಕಾದ ಮಗುವನ್ನು ಮನೆಯಲ್ಲೇ ಉಳಿಸುತ್ತದೆ. ಎರಡೂ ಪ್ರೀತಿಯ ಮಾತುಗಳೇ. ಎರಡರಲ್ಲೂ ತಿಂಗಳ ಲೆಕ್ಕವಿದೆ. ಆ ಲೆಕ್ಕವನ್ನು ಎಷ್ಟು ನಂಬಬಹುದು? ಅಜ್ಜಿಯ ನೆನಪು ತಿಂಗಳಿಗೆ ಸಾಕ್ಷಿಯಲ್ಲ, ಸಂದರ್ಭಕ್ಕೆ ಸಾಕ್ಷಿ. ನಾವು ಕೇಳುವ ಪ್ರಶ್ನೆ ಬದಲಾದರೆ ಆ ಸಾಕ್ಷ್ಯ ಉಪಯೋಗಕ್ಕೆ ಬರುತ್ತದೆ ಎಂಬುದು ಈ ಲೇಖನದ ವಾದ.

ಹಿಂದಿನ ಅಧ್ಯಯನಗಳು

ನೆನಪೆಂದರೆ ಪೆಟ್ಟಿಗೆಯಿಂದ ತೆಗೆಯುವ ವಸ್ತುವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವ ಕಥನ ಎಂದು ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದರು. ಮಕ್ಕಳ ಬೆಳವಣಿಗೆಯ ವಿಷಯದಲ್ಲಿ ಇದನ್ನು ಒರೆಗೆ ಹಚ್ಚಿದವರಲ್ಲಿ ಲಿಲಿಯನ್ ರಾಬಿನ್ಸ್ ಮುಖ್ಯರು. ನ್ಯೂಯಾರ್ಕಿನಲ್ಲಿ ಹುಟ್ಟಿದಂದಿನಿಂದ ದಾಖಲೆಯಾಗುತ್ತ ಬಂದಿದ್ದ ಮಕ್ಕಳ ತಂದೆತಾಯಿಯರನ್ನು ಮಕ್ಕಳಿಗೆ ಮೂರು ವರ್ಷವಾದಾಗ ಪ್ರಶ್ನಿಸಿ, ಉತ್ತರಗಳನ್ನು ಹಳೆಯ ದಾಖಲೆಗಳ ಜೊತೆ ಹೋಲಿಸಿ, 1963ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ತಪ್ಪುಗಳು ಹೇರಳವಾಗಿದ್ದವು. ಅದಕ್ಕಿಂತ ಗಮನಾರ್ಹವಾದುದು ಅವು ವಾಲಿದ ದಿಕ್ಕು: ತಾಯಂದಿರ ನೆನಪು, ಆ ಕಾಲದ ತಜ್ಞರು ಹೀಗಿರಬೇಕು ಎಂದು ಹೇಳುತ್ತಿದ್ದ ಕಡೆಗೇ ಸರಿದಿತ್ತು. ನಿಜವಾಗಿ ನಡೆದದ್ದರ ಜಾಗದಲ್ಲಿ ನಡೆಯಬೇಕಾಗಿದ್ದದ್ದು ಬಂದು ಕೂತಿತ್ತು.

ಇನ್ನೊಂದು ದಿಕ್ಕಿನ ವಾಲಿಕೆಯನ್ನು ವೆನೆಸ್ಸಾ ಹಸ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. ಆಟಿಸಂ ತಪಾಸಣೆಗೆ ಬಂದ ಮಕ್ಕಳ ಪೋಷಕರನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳಿದಾಗ, ಅದೇ ಮಗು ಮೊದಲ ಮಾತಾಡಿದ ವಯಸ್ಸು ಮುಂದಕ್ಕೆ ಮುಂದಕ್ಕೆ ಹೋಗುತ್ತಿತ್ತು. ಹೆತ್ತವರಿಗೇ ಕೆಲವೇ ವರ್ಷಗಳಲ್ಲಿ ಹೀಗಾದರೆ, ಮೂವತ್ತು ವರ್ಷ ದಾಟಿದ ನೆನಪಿನ ಲೆಕ್ಕ ಸಡಿಲವಾಗುವುದು ಸಹಜ. ಚಾರ್ಲ್ಸ್ ಡಾರ್ವಿನ್ ತನ್ನ ಮಗನ ಶೈಶವದ ಬಗ್ಗೆ 37 ವರ್ಷಗಳ ನಂತರ, 1877ರಲ್ಲಿ, ದಿನಗಳ ಲೆಕ್ಕ ಕೊಟ್ಟು ಬರೆಯಲು ಸಾಧ್ಯವಾದದ್ದು ಆತ ಆಗಲೇ ದಿನಚರಿ ಬರೆದಿಟ್ಟಿದ್ದರಿಂದ.

ಲೆಕ್ಕ ತಪ್ಪುವ ದಾರಿಗಳು

ಮೊದಲನೆಯದು, 'ನಡೆದ' ಎಂಬ ಪದದ ಅರ್ಥ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ 816 ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನನ್ನೂ ಹಿಡಿಯದೆ ಕನಿಷ್ಠ ಐದು ಹೆಜ್ಜೆ ಇಟ್ಟರೆ ಮಾತ್ರ ಅದು ಸ್ವತಂತ್ರ ನಡಿಗೆ. ಆರೋಗ್ಯವಂತ ಮಕ್ಕಳು ಈ ಹಂತ ಮುಟ್ಟುವ ಅವಧಿ 8.2ರಿಂದ 17.6 ತಿಂಗಳು. ಆಸರೆ ಹಿಡಿದು ನಡೆಯುವುದಕ್ಕೆ 5.9ರಿಂದ 13.7 ತಿಂಗಳು, ಅದರ ಸರಾಸರಿ 9.2. ಅಜ್ಜಿಯ 'ಒಂಬತ್ತು ತಿಂಗಳು' ಎಷ್ಟೋ ಸಲ ಗೋಡೆ ಹಿಡಿದ ನಡಿಗೆಗೆ ಸೇರಿದ ಸತ್ಯವಿರಬಹುದು.

ಎರಡನೆಯದು, ಎಣಿಕೆಯ ರೀತಿ. 'ಹತ್ತು ತುಂಬಿತು' ಮತ್ತು 'ಹತ್ತರಲ್ಲಿ ಬಿತ್ತು' ಎಂಬುದರ ನಡುವೆ ಒಂದು ತಿಂಗಳವರೆಗೂ ಅಂತರವಿದೆ. ಮೂವತ್ತು ವರ್ಷಗಳಲ್ಲಿ 'ತುಂಬಿ', 'ಬಿದ್ದು' ಎರಡೂ ಉದುರಿ, ಹತ್ತು ಮಾತ್ರ ಉಳಿಯುತ್ತದೆ.

ಮೂರನೆಯದು ಬಾಣಂತನದ ಪದ್ಧತಿ. ಚೊಚ್ಚಲ ಮಗು ಮೊದಲ ತಿಂಗಳುಗಳನ್ನು ತಾಯಿಯ ತವರಿನಲ್ಲಿ ಕಳೆಯುತ್ತದೆ. ಕತ್ತು ನಿಂತದ್ದನ್ನು ಒಬ್ಬ ಅಜ್ಜಿ ನೋಡಿರುತ್ತಾರೆ, ಅಂಬೆಗಾಲಿಟ್ಟದ್ದನ್ನು ಇನ್ನೊಬ್ಬರು. ಕಾಣದ ಭಾಗವನ್ನು ಕೇಳಿದ ಮಾತಿನಿಂದ ತುಂಬಿಕೊಳ್ಳುತ್ತಾರೆ. ಐದಾರು ಮಕ್ಕಳನ್ನು ಹೆತ್ತವರಲ್ಲಿ ಒಬ್ಬರ ಹೆಜ್ಜೆ ಇನ್ನೊಬ್ಬರ ಹೆಸರಿಗೆ ಸೇರುವುದೂ ಉಂಟು.

ಒಂದು ಪ್ರಕರಣ

ಮೇಲೆ ಹೇಳಿದ ಒಂಬತ್ತು ತಿಂಗಳ ಮಾತು ನನ್ನ ಅತ್ತೆಯದು. ನನ್ನ ಪತಿ ಹುಟ್ಟಿದ್ದು 1983ರ ನವೆಂಬರ್‌ನಲ್ಲಿ, ದೀಪಾವಳಿ ಕಳೆದ ವಾರ. ಟ್ರಂಕಿನಲ್ಲಿ ಸಿಕ್ಕ ಕಪ್ಪುಬಿಳುಪು ಫೋಟೋ ಒಂದರಲ್ಲಿ ಮಗು ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದೆ. ಹಿಂಬದಿಯಲ್ಲಿ ಮಾವನವರ ಅಕ್ಷರ: "ದಸರಾ, 1984. ಹಿಡಿದು ನಿಲ್ಲುತ್ತಾನೆ. ಇನ್ನೂ ನಡಿಗೆ ಇಲ್ಲ." ಅಂದರೆ ಹನ್ನೊಂದು ತಿಂಗಳು ತುಂಬುತ್ತ ಬಂದಿದ್ದರೂ ಸ್ವತಂತ್ರ ನಡಿಗೆ ಬಂದಿರಲಿಲ್ಲ.

ಆ ಫೋಟೋ ತೋರಿಸಿ ಅವರ ಮಾತನ್ನು ಸುಳ್ಳು ಮಾಡಲು ನನಗೆ ಮನಸ್ಸಾಗಲಿಲ್ಲ. ಬೇರೆ ರೀತಿ ಕೇಳಿದೆ: "ಅತ್ತೆ, ಮೊದಲ ಸಲ ನಡೆದಾಗ ನೀವೇನು ಮಾಡ್ತಿದ್ರಿ?" ಅವರು ಯೋಚಿಸಲೇ ಇಲ್ಲ. "ಹಜಾರದಲ್ಲಿ ಅವರೆಕಾಯಿ ಸುಲೀತಾ ಕೂತಿದ್ದೆ. ಕಂಬ ಬಿಟ್ಟು ಬಂದವನೇ ಮೊರದೊಳಗೆ ಕೈ ಹಾಕಿದ. ಕೈಯೆಲ್ಲ ಸೊಗಡು ವಾಸನೆ." ಹಳೇ ಮೈಸೂರು ಸೀಮೆಯಲ್ಲಿ ಸೊಗಡಿನ ಅವರೆ ಬರುವುದು ಚಳಿಗಾಲದಲ್ಲಿ. ಫೋಟೋದ ನಂತರದ ಅವರೆಯ ಸುಗ್ಗಿ 1984ರ ಡಿಸೆಂಬರ್, 1985ರ ಜನವರಿಯದು. ಆಗ ಮಗುವಿಗೆ ಹದಿಮೂರು, ಹದಿನಾಲ್ಕು ತಿಂಗಳು. ತಿಂಗಳು ತಪ್ಪಿದ್ದ ನೆನಪೇ ಸರಿಯಾದ ತಿಂಗಳಿಗೆ ದಾರಿ ತೋರಿತು.

ಕೇಳುವ ಕ್ರಮ

ಇದು ಒಂದು ಮನೆಯ ಅದೃಷ್ಟ ಮಾತ್ರವಲ್ಲ. ಎದ್ದುಕಾಣುವ ಘಟನೆಯೊಂದನ್ನು ಗುರುತುಗಲ್ಲಾಗಿ ಕೊಟ್ಟು ಕೇಳಿದರೆ ಕಾಲನಿರ್ಣಯದ ತಪ್ಪು ಕಡಿಮೆಯಾಗುತ್ತದೆ ಎಂದು ಎಲಿಜಬೆತ್ ಲಾಫ್ಟಸ್ ಮತ್ತು ವೆಸ್ಲಿ ಮಾರ್‌ಬರ್ಗರ್ 1983ರಲ್ಲಿ ತೋರಿಸಿದ್ದಾರೆ. ಹುಟ್ಟಿದ ತಾರೀಖು ತಿಳಿಯದ ಮಕ್ಕಳ ವಯಸ್ಸನ್ನು ಹಬ್ಬ, ಬೆಳೆ, ಜಾತ್ರೆಗಳ ಪಟ್ಟಿಯಿಂದ ಅಂದಾಜು ಮಾಡುವ ಕ್ರಮ ಸಮೀಕ್ಷೆಗಳಲ್ಲಿಯೂ ಇದೆ. ಆದ್ದರಿಂದ 'ಎಷ್ಟು ತಿಂಗಳಿಗೆ?' ಎನ್ನುವ ಬದಲು 'ಆಗ ಹೊಲದಲ್ಲಿ ಏನಿತ್ತು, ಯಾವ ಹಬ್ಬ ಹತ್ತಿರವಿತ್ತು, ಯಾರ ಮನೆಯಲ್ಲಿದ್ದಿರಿ?' ಎಂದು ಕೇಳಬೇಕು. ಸಂದರ್ಭದ ನೆನಪೂ ಕಟ್ಟಿಕೊಂಡದ್ದಿರಬಹುದು. ಹಾಗಾಗಿ ಫೋಟೋ, ಪತ್ರ, ಇನ್ನೊಬ್ಬರ ಮಾತಿನ ಜೊತೆ ತಾಳೆ ನೋಡಬೇಕು.

ಪರಿಣಾಮ

ಇಂದಿನ ಮಗುವಿನ ಬಗ್ಗೆ ನಿರ್ಧಾರ ಮಾಡುವಾಗ ಮಾತ್ರ ಹಳೆಯ ನೆನಪು, ಅದು ಎಷ್ಟೇ ತಾಳೆಯಾಗಲಿ, ಅಳತೆಗೋಲಾಗಬಾರದು. ಹದಿನಾರು ತಿಂಗಳಾದರೂ ಒಂದು ಪದ, ಎರಡು ವರ್ಷಕ್ಕೆ ಎರಡು ಪದ ಸೇರಿಸಿದ ಮಾತು ಬಾರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ವೈದ್ಯರ ಬಳಿ ಹೋಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಗುವಿನ ಕಿವಿ ಮತ್ತು ಮಾತನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಕಿವಿ ಕೇಳಿಸದ ಮಗುವಿಗೆ ಅಪ್ಪನ ಬಾಲ್ಯದ ಕಥೆಯಿಂದ ಮಾತು ಬರುವುದಿಲ್ಲ; ಕಾಯುತ್ತ ಕಳೆದ ವರ್ಷ ಮರಳಿ ಸಿಗುವುದೂ ಇಲ್ಲ.

ಅಳತೆ ಬರಹದಲ್ಲಿರಬೇಕು, ಕಥೆ ಅಜ್ಜಿಯ ಬಳಿ ಇರಬೇಕು. ನನ್ನ ಮಗಳು ಹೊಸ್ತಿಲು ದಾಟಿದ ದಿನ ತಾರೀಖನ್ನು ತಾಯಿ ಕಾರ್ಡಿನ ಅಂಚಿನಲ್ಲಿ ಬರೆದೆ. ಪಕ್ಕದಲ್ಲಿ ನಿಂತಿದ್ದ ಅತ್ತೆ, "ಗೌರಿ ಹಬ್ಬದ ಮಾರನೇ ದಿನ ಅಂತಲೂ ಬರಿ" ಎಂದರು. ಅದನ್ನೂ ಬರೆದೆ.