ಹೇಳುವ ಅಂದಾಜು, ಮಾಡುವ ವ್ಯಾಪಾರ: ವೃತ್ತಿಪರ ಮತ್ತು ಹವ್ಯಾಸಿ ಹೂಡಿಕೆದಾರರ ಮನೋಭಾವ ಕುರಿತು

ಷೇರು ಪೇಟೆಯ ಮನೋಭಾವ ಕುರಿತ ಅಧ್ಯಯನಗಳಲ್ಲಿ ಒಂದು ನಿರ್ಣಯ ಹೆಚ್ಚೂಕಡಿಮೆ ನೆಲೆನಿಂತಿದೆ: ವೃತ್ತಿಪರರ ಅಂದಾಜಿನಲ್ಲಿ ತಿಳಿವಳಿಕೆ ಇದೆ, ಹವ್ಯಾಸಿಗಳದರಲ್ಲಿ ಬರೀ ಗದ್ದಲ. 1990ರಲ್ಲಿ ಡಿ ಲಾಂಗ್, ಶ್ಲೈಫರ್, ಸಮರ್ಸ್ ಮತ್ತು ವಾಲ್ಡ್‌ಮನ್ ಈ ಗದ್ದಲಕ್ಕೆ ಸೈದ್ಧಾಂತಿಕ ರೂಪ ಕೊಟ್ಟರು. 2000ದಲ್ಲಿ ಫಿಶರ್ ಮತ್ತು ಸ್ಟ್ಯಾಟ್‌ಮನ್, ಅಮೆರಿಕದ ಸಣ್ಣ ಹೂಡಿಕೆದಾರರ ಮನೋಭಾವಕ್ಕೂ ವಾಲ್ ಸ್ಟ್ರೀಟ್ ತಜ್ಞರದಕ್ಕೂ ಹೇಳಿಕೊಳ್ಳುವಂಥ ಸಂಬಂಧವಿಲ್ಲವೆಂದು ತೋರಿಸಿದರು. (ಇಬ್ಬರ ಅಂದಾಜೂ ಮುಂದಿನ ಲಾಭಕ್ಕೆ ವ್ಯತಿರಿಕ್ತ ಸೂಚಕವೇ ಎಂಬ ಅವರದೇ ಇನ್ನೊಂದು ಫಲಿತಾಂಶವನ್ನು ಮರೆಯಬಾರದು.) 2007ರಲ್ಲಿ ಶ್ಮೆಲಿಂಗ್, ಜರ್ಮನಿಯ ಸೆಂಟಿಕ್ಸ್ ಸಮೀಕ್ಷೆಯನ್ನು ಆಧರಿಸಿ, ಸಂಸ್ಥೆಗಳ ಅಂದಾಜು ಪೇಟೆಯ ದಿಕ್ಕನ್ನು ಸರಿಯಾಗಿಯೂ ಬಿಡಿ ಹೂಡಿಕೆದಾರರದು ತಿರುವುಮುರುವಾಗಿಯೂ ಸೂಚಿಸುತ್ತದೆ ಎಂದರು.

ಈ ಲೆಕ್ಕಾಚಾರಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು, ಅಂದಾಜಿನಿಂದ ನಡವಳಿಕೆಗೆ ನೇರವಾಗಿ ಜಿಗಿಯುವ ತರ್ಕದ ಬಗ್ಗೆ. ಅಮೆರಿಕದ ಬಿಡಿ ಹೂಡಿಕೆದಾರರ ಸಂಘ 1987ರಿಂದ ತನ್ನ ಸದಸ್ಯರಿಗೆ ಪ್ರತಿವಾರ ಕೇಳುತ್ತಿರುವುದು ಒಂದೇ ಪ್ರಶ್ನೆ: ಮುಂದಿನ ಆರು ತಿಂಗಳಲ್ಲಿ ಪೇಟೆ ಏರುತ್ತದೆಯೇ, ಇಳಿಯುತ್ತದೆಯೇ, ಇದ್ದಲ್ಲೇ ಇರುತ್ತದೆಯೇ? ‘ಇಳಿಯುತ್ತದೆ’ ಎಂದವನು ಮಾರಿದನೋ, ಸುಮ್ಮನಿದ್ದನೋ, ಅಗ್ಗವಾಯಿತೆಂದು ಕೊಂಡನೋ ಎಂಬುದು ಆ ಉತ್ತರದಲ್ಲಿಲ್ಲ.

ಆ ಕೊರತೆಯನ್ನು ತುಂಬುವ ಸಾಕ್ಷ್ಯ ನೆದರ್‌ಲ್ಯಾಂಡ್ಸ್‌ನಲ್ಲಿದೆ. ವಾಗೆನಿಂಗನ್ ಮತ್ತು ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯಗಳ ಯೋಸ್ಟ್ ಪೆನ್ನಿಂಗ್ಸ್ ಮೊದಲು ಡಚ್ ಹಂದಿ ಸಾಕಣೆದಾರರು ಬೆಲೆಯ ಅಪಾಯವನ್ನು ಹೇಗೆ ಎದುರಿಸುತ್ತಾರೆಂದು ಅಭ್ಯಾಸ ಮಾಡಿದವರು. ಅಪಾಯವನ್ನು ತಾಳಿಕೊಳ್ಳುವ ಗುಣ ಬೇರೆ, ಎದುರಿಗಿರುವ ಅಪಾಯದ ಗ್ರಹಿಕೆ ಬೇರೆ ಎಂಬ ವಿವೇಚನೆಯನ್ನು ಅವರು ಷೇರು ಪೇಟೆಗೂ ತಂದರು. 2013ರಲ್ಲಿ ಹಾಫ್‌ಮನ್ ಮತ್ತು ಪೋಸ್ಟ್ ಜತೆ ಪ್ರಕಟಿಸಿದ ಲೇಖನದಲ್ಲಿ 2008–09ರ ಬಿಕ್ಕಟ್ಟಿನ ತಿಂಗಳುಗಳಲ್ಲಿ ಡಚ್ ಬಿಡಿ ಹೂಡಿಕೆದಾರರು ಹೇಳಿದ್ದನ್ನು ಅದೇ ಜನರ ವ್ಯಾಪಾರದ ದಾಖಲೆಯೊಡನೆ ಹೋಲಿಸಲಾಗಿದೆ. ಕೆಟ್ಟ ತಿಂಗಳುಗಳಲ್ಲಿ ಲಾಭದ ನಿರೀಕ್ಷೆ ಕುಸಿಯಿತು, ಅಪಾಯದ ಗ್ರಹಿಕೆ ಏರಿತು. ಆದರೂ ಅವರು ವ್ಯಾಪಾರ ನಿಲ್ಲಿಸಲಿಲ್ಲ. ಒಟ್ಟಾರೆಯಾಗಿ ತಮ್ಮ ಹೂಡಿಕೆಯ ಅಪಾಯವನ್ನು ತಗ್ಗಿಸಲೂ ಇಲ್ಲ.

ಇದರಿಂದ ನಾನು ಮುಂದಿಡುವ ವಾದ ಇಷ್ಟು: ವೃತ್ತಿಪರ ಮತ್ತು ಹವ್ಯಾಸಿಯ ನಡುವಿನ ಅಂತರ ಮನೋಭಾವದ ಗುಣಮಟ್ಟದಲ್ಲಿರುವುದಕ್ಕಿಂತ ಹೆಚ್ಚಾಗಿ, ಅದೇನೇ ಇದ್ದರೂ ವ್ಯಾಪಾರ ಮಾಡಲೇಬೇಕಾದ ಒತ್ತಡದಲ್ಲಿದೆ. ಹೂಡಿಕೆದಾರರು ಹಣ ವಾಪಸು ಕೇಳಿದರೆ ನಿಧಿ ವ್ಯವಸ್ಥಾಪಕ ತನ್ನ ಅಂದಾಜು ಏನೇ ಇರಲಿ ಮಾರಬೇಕು. ಸ್ವಂತ ದುಡ್ಡು ಹಾಕಿದವನಿಗೆ ಕಾಯುವ ಸ್ವಾತಂತ್ರ್ಯವಿದೆ. ವೃತ್ತಿಯೊಂದೇ ಮನಸ್ಸನ್ನು ಗಟ್ಟಿಮಾಡುವುದಿಲ್ಲ ಎಂಬುದಕ್ಕೆ ಹೇಗ್ ಮತ್ತು ಲಿಸ್ಟ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೆ: ಅಲ್ಪಾವಧಿಯ ನಷ್ಟದ ಅಂಜಿಕೆ ವಿದ್ಯಾರ್ಥಿಗಳಿಗಿಂತ ಷಿಕಾಗೋದ ವೃತ್ತಿಪರ ವ್ಯಾಪಾರಿಗಳಲ್ಲೇ ಹೆಚ್ಚು ಕಂಡಿತು.

ಈ ವಾದಕ್ಕೆ ಮಿತಿಗಳುಂಟು. ಡಚ್ ಅಧ್ಯಯನದಲ್ಲಿದ್ದವರು ಸ್ವತಃ ನಿರ್ಧರಿಸಿ ವ್ಯಾಪಾರ ಮಾಡುವವರು. ಎಲ್ಲ ಸಣ್ಣ ಹೂಡಿಕೆದಾರರಿಗೆ ಅವರು ಪ್ರತಿನಿಧಿಗಳಲ್ಲ. ಅಲ್ಲಿ ವೃತ್ತಿಪರರನ್ನು ಅಳೆದಿಲ್ಲವಾದ್ದರಿಂದ ಹೋಲಿಕೆ ಪರೋಕ್ಷವಾದದ್ದು. ಮನೋಭಾವ ಬದಲಾದಂತೆ ವ್ಯಾಪಾರದಲ್ಲಿ ಏರಿಳಿತವಾಯಿತೆಂದು ಆ ಲೇಖಕರೇ ಹೇಳಿರುವಾಗ, ಮನೋಭಾವ ನಿಷ್ಕ್ರಿಯವೆಂದು ನಾನು ಹೇಳಲಾರೆ. ಹಾಗೆಯೇ ಕಾಯುವ ಸ್ವಾತಂತ್ರ್ಯವಿದ್ದ ಮಾತ್ರಕ್ಕೆ ಹವ್ಯಾಸಿ ಗೆಲ್ಲುತ್ತಾನೆಂದೂ ಅಲ್ಲ. ಭಾರತದಲ್ಲಿ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ಬಿಡಿ ವ್ಯಾಪಾರಿಗಳಲ್ಲಿ 93 ಪ್ರತಿಶತ ಮಂದಿ ನಷ್ಟ ಅನುಭವಿಸಿದರೆಂದು ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಂಡುಕೊಂಡಿದೆ.

ಭಾರತದ ಇನ್ನೊಂದು ನಿದರ್ಶನವನ್ನೂ ಎಚ್ಚರದಿಂದ ಓದಬೇಕು. 2020ರ ಮಾರ್ಚ್‌ನಲ್ಲಿ ವಿದೇಶಿ ಸಂಸ್ಥೆಗಳು ಸುಮಾರು 62,000 ಕೋಟಿ ರೂಪಾಯಿಯ ಷೇರು ಮಾರಿ ಹೊರನಡೆದಾಗ, ಎಸ್‌ಐಪಿ (ನಿಗದಿತ ಕಂತಿನ ಹೂಡಿಕೆ) ಮೂಲಕ ಸುಮಾರು 8,600 ಕೋಟಿ ರೂಪಾಯಿ ಮ್ಯೂಚುವಲ್ ಫಂಡ್‌ಗಳಿಗೆ ಬಂತು. ಇದು ನನ್ನ ವಾದಕ್ಕೆ ಒಪ್ಪುವಂತೆ ಕಾಣುತ್ತದೆ. ಆದರೆ ಎಸ್‌ಐಪಿಯ ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವಂಥದ್ದು. ಧೈರ್ಯದಿಂದ ಉಳಿದವರೆಷ್ಟು, ರದ್ದುಮಾಡುವ ಗೋಜಿಗೆ ಹೋಗದವರೆಷ್ಟು ಎಂದು ಒಟ್ಟು ಮೊತ್ತ ಹೇಳುವುದಿಲ್ಲ. ಅದನ್ನು ಬಿಡಿಸಲು ಖಾತೆವಾರು ದಾಖಲೆಯೊಡನೆ ಆಯಾ ತಿಂಗಳಿನ ಮನೋಭಾವದ ಸಮೀಕ್ಷೆಯೂ ಬೇಕು. ನಿಧಿ ವ್ಯವಸ್ಥಾಪಕರನ್ನೂ ಅದೇ ಪ್ರಶ್ನೆಗಳಿಂದ, ಅದೇ ತಿಂಗಳುಗಳಲ್ಲಿ ಅಳೆಯುವವರೆಗೆ ಈ ಹೋಲಿಕೆ ಅಪೂರ್ಣ.